ದಿನಕ್ಕೆ ನಾಲ್ಕು ನಿಮಿಷ

ಅಳತೆ ಕಚೇರಿಯ ತಾರಸಿಯ ಮೇಲೆ ಸೊಂಟದೆತ್ತರದ ಮೂರು ಸಿಮೆಂಟು ಕಂಬಗಳಿದ್ದವು. ಒಂದೊಂದರ ತಲೆಯ ಮೇಲೂ ಒಂದೊಂದು ಆಂಟೆನಾ. ಕಾಗದಪತ್ರಗಳಲ್ಲಿ ಅವಕ್ಕೆ ಮಾರುದ್ದದ ನಂಬರುಗಳಿದ್ದರೂ ಆ ನಂಬರು ಹಿಡಿದು ಕರೆಯುವಷ್ಟು ಪುರುಸೊತ್ತು ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಉಂಗುರದೊಳಗೆ ಉಂಗುರವಾಗಿ ಅಂಚೆದ್ದ, ಎರಡು ಕೈಯಲ್ಲಿ ಎತ್ತಬೇಕಾದ ಅಗಲದ್ದು ದೊಡ್ಡಮ್ಮ. ಬಿಳಿ ಟೋಪಿ ಹಾಕಿಕೊಂಡದ್ದು ಅಣಬೆ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದಾದ, ಜೇಬಿನಲ್ಲಿ ಮರೆತು ಬಟ್ಟೆಯ ಜೊತೆ ಒಗೆಯಲು ಹಾಕಿಬಿಡಬಹುದಾದಂಥದ್ದು ಬಿಸ್ಕತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಬಿಸ್ಕತ್ತಿನ ಕಂಬದ ಮೇಲೆ ಅದು ತಿರುವುಮುರುವಾಗಿತ್ತು.

ಈ ಮೂವರನ್ನೂ ಮೂವತ್ತೊಂದು ದಿನ ಪಕ್ಕಪಕ್ಕ ನಿಲ್ಲಿಸಿ, ಯಾರ ಅಳತೆ ಎಷ್ಟು ನಂಬಬಹುದು ಎಂದು ವರದಿ ಬರೆಯುವ ಕೆಲಸ ಪುಟ್ಟಿಯ ಪಾಲಿಗೆ ಬಂದಿತ್ತು. ಪುಟ್ಟಿ ಎಂದರೆ ನಲವತ್ತೊಂದು ವರ್ಷದ, ದಪ್ಪ ಕನ್ನಡಕದ, ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪದ ಹೆಂಗಸು. ಅಪ್ಪ ಮನೆಯಲ್ಲಿ ಹಾಗೆ ಕರೆಯುತ್ತಾರೆ. ಅಪ್ಪ ಇದೇ ಕಚೇರಿಯಲ್ಲಿ ಮೂವತ್ತು ವರ್ಷ ಅಳತೆಗಾರರಾಗಿದ್ದವರಾದ್ದರಿಂದ ಕಚೇರಿಯೂ ಹಾಗೇ ಕರೆಯುತ್ತದೆ. ಸಾಹೇಬರು ಮಾತ್ರ ಮರ್ಯಾದೆಗೆಂದು "ಪುಟ್ಟಿಯವರೇ" ಅನ್ನುತ್ತಾರೆ. ನಾವೂ ಬೇರೆ ಹೆಸರು ಹುಡುಕಲು ಹೋಗುವುದು ಬೇಡ.

ಕೆಲಸ ಕೇಳಲು ಸರಳ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಕೇಳಿಸಿಕೊಂಡು "ನಾನು ಇಂಥ ಕಡೆ ಇದ್ದೇನೆ" ಎಂದು ಹೇಳುವುದು ಆಂಟೆನಾದ ಕಸುಬು. ಕಂಬ ಕದಲುವುದಿಲ್ಲ. ಹಾಗಾಗಿ ಮೂರೂ ದಿನವಿಡೀ ಒಂದೇ ಉತ್ತರ ಕೊಡಬೇಕು. ತೊಂದರೆ ಕೊಡುವುದು ಗೋಡೆಗಳು. ನೇರವಾಗಿ ಬಂದ ಸಂಕೇತವೇ ಯಾವುದೋ ಗೋಡೆಗೆ ಬಡಿದು ಮರುದನಿಯಾಗಿ ಎರಡನೇ ಸಲ ಬಂದರೆ ಆಂಟೆನಾಕ್ಕೆ ತಲೆಕೆಡುತ್ತದೆ. ದೊಡ್ಡಮ್ಮನ ಉಂಗುರಗಳಿರುವುದೇ ಅದಕ್ಕೆ. ಪಕ್ಕದಿಂದ ಬಂದ ಚಾಡಿಮಾತನ್ನು ಆಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬಿಸ್ಕತ್ತಿಗೆ ಆ ಘನತೆಯಿಲ್ಲ, ಬೀದಿಯ ಸುದ್ದಿಯನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ.

ಮೊದಲ ದಿನ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಬಿಸ್ಕತ್ತಿನ ಗೆರೆ ಅಲುಗಿತು. ಕಂಬ ನಾಲ್ಕು ಸೆಂಟಿಮೀಟರು ಮೇಲೆದ್ದು, ಕೆಳಗಿಳಿದು, ಮತ್ತೆ ಎದ್ದು, ಹದಿನೆಂಟು ನಿಮಿಷ ಉಸಿರಾಡಿದ ಹಾಗೆ ತೋರಿಸಿ ಸುಮ್ಮನಾಯಿತು. ದೊಡ್ಡಮ್ಮನ ಗೆರೆ ನೆಟ್ಟಗೆ ಮಲಗಿತ್ತು. ಅಣಬೆ ಒಂದಿಷ್ಟು ನಡುಗಿತ್ತು, ಅಷ್ಟೇ. ಎರಡನೇ ದಿನ ಅದೇ ಉಸಿರಾಟ ಒಂದು ಹದಿನಾರಕ್ಕೆ ಬಂತು, ಮೂರನೇ ದಿನ ಒಂದು ಹನ್ನೆರಡಕ್ಕೆ. ಪುಟ್ಟಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಉಪಗ್ರಹಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಅದೇ ಜಾಗಕ್ಕೆ ಬರುತ್ತವೆ. ಆದ್ದರಿಂದ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವ ತಪ್ಪು ಯಾವುದೋ ನಿಂತ ಗೋಡೆಯ ತಪ್ಪು. ಗೆರೆ ಎಷ್ಟು ಬೇಗ ಎದ್ದು ಬೀಳುತ್ತದೆ ಎಂದು ನೋಡಿದರೆ ಗೋಡೆ ಎಷ್ಟು ದೂರದಲ್ಲಿದೆ ಎಂದೂ ಹೇಳಬಹುದು. ಪುಟ್ಟಿ ಲೆಕ್ಕ ಹಾಕಿದಳು. ಹದಿನಾಲ್ಕು ಮೀಟರು ಇಪ್ಪತ್ತು ಸೆಂಟಿಮೀಟರು.

ಯಾವ ದಿಕ್ಕು ಎಂದು ತಿಳಿಯಲು ಅವಳು ಒಂದು ತಗಡಿನ ಹಾಳೆಯನ್ನು ಬಿಸ್ಕತ್ತಿನ ಸುತ್ತ ದಿನಕ್ಕೊಂದು ಬದಿ ನಿಲ್ಲಿಸಿದಳು. ಉತ್ತರಕ್ಕೆ ನಿಲ್ಲಿಸಿದಳು, ಉಸಿರಾಟ ನಿಲ್ಲಲಿಲ್ಲ. ದಕ್ಷಿಣಕ್ಕೂ ಇಲ್ಲ. ಪೂರ್ವಕ್ಕೆ ನಿಲ್ಲಿಸಿದ ದಿನ ಗೆರೆ ಸತ್ತುಹೋಯಿತು. ತಗಡು ತೆಗೆದ ಮರುದಿನ ಮತ್ತೆ ಬಂತು.

ಪೂರ್ವಕ್ಕೆ ಬೀದಿ. ಬೀದಿಯ ಆಚೆ ಸೈಕಲ್ ಸ್ಟ್ಯಾಂಡು. ತಗಡಿನ ಮಾಡು ಕೂಡ ಇಲ್ಲದ ಬಯಲು, ಸೈಕಲ್ಲುಗಳ ಸಾಲು, ಒಂದು ಮುರುಕು ಕುರ್ಚಿ, ಅದರಲ್ಲಿ ಸ್ಟ್ಯಾಂಡಿನವನು. ಅದರಾಚೆ ನೂರು ಮೀಟರಿನವರೆಗೂ ತಲೆಯೆತ್ತಿದ್ದು ಏನೂ ಇಲ್ಲ. ಪುಟ್ಟಿ ಟೇಪು ಹಿಡಿದು ಬೀದಿ ದಾಟಿ ಅಳೆದಳು. ಕಂಬದಿಂದ ಹದಿನಾಲ್ಕು ಮೀಟರು ಇಪ್ಪತ್ತು ಬಿದ್ದದ್ದು ಸೈಕಲ್ಲುಗಳ ಮೊದಲ ಸಾಲಿನ ಮುಂದೆ, ಬರಿಯ ನೆಲದ ಮೇಲೆ. ಅಲ್ಲೊಂದು ಗುರುತಿನ ಗೆರೆ ಎಳೆದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರಮಾಣಿಸಿದ್ದು ಪ್ರತ್ಯಕ್ಷವೇ ಆಗದಿದ್ದರೆ ಏನು ಮಾಡಬೇಕೆಂದು ಅವರು ಹೇಳಿಲ್ಲ.

ಬೇರೆ ಬಿಸ್ಕತ್ತು ತಂದು ಕೂರಿಸಿದಳು. ಕೇಬಲ್ ಬದಲಾಯಿಸಿದಳು. ದೊಡ್ಡಮ್ಮನನ್ನೂ ಬಿಸ್ಕತ್ತನ್ನೂ ಕಂಬದಿಂದ ಕಂಬಕ್ಕೆ ಅದಲುಬದಲು ಮಾಡಿದಳು. ಗೋಡೆ ಜಾಗ ಬಿಟ್ಟು ಕದಲಲಿಲ್ಲ. ಕದಲಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ಹತ್ತು ದಿನದ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಗೆರೆಯ ಉಬ್ಬು ದಿನವೂ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿರುವುದು ಕಂಡಿತು. ಇಲ್ಲದ ಗೋಡೆ ದಿನಕ್ಕೆ ಎರಡು ಮಿಲಿಮೀಟರಿನಂತೆ ಬೀದಿಯ ಕಡೆಗೆ ವಾಲುತ್ತಿತ್ತು.

ಇಪ್ಪತ್ತನೇ ದಿನ ಸಾಹೇಬರು ಗೆರೆಗಳನ್ನು ನೋಡಿ ಆಕಳಿಸಿದರು. "ಪುಟ್ಟಿಯವರೇ, ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ಆ ಹದಿನೆಂಟು ನಿಮಿಷ ಕತ್ತರಿಸಿ ಬಿಸಾಕಿ. ಮರುದನಿ ದೋಷ ಅಂತ ಒಂದು ಸಾಲು ಬರೆದರೆ ಮುಗೀತು. ಎಲ್ಲರೂ ಅದನ್ನೇ ಮಾಡೋದು."

"ಮರುದನಿ ಕೊಡೋಕೆ ಅಲ್ಲಿ ಏನೂ ಇಲ್ವಲ್ಲ ಸರ್."

"ಇಲ್ಲದೇ ಇರೋದಕ್ಕೆ ಇಲ್ಲದೇ ಇರೋ ಕಾರಣ. ಬರೀರಿ ಹೋಗಿ."

ಸಂಜೆ ಮನೆಗೆ ಹೋದಾಗ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎಪ್ಪತ್ತು ವರ್ಷದ ಮನುಷ್ಯ, ಇವತ್ತಿಗೂ ಹುರುಳಿಕಾಯಿ ಎಲ್ಲ ಒಂದೇ ಉದ್ದಕ್ಕೆ ಬೀಳಬೇಕು. ಮನೆಯಲ್ಲಿ ಇರುವುದು ಅವರಿಬ್ಬರೇ. ತಾಯಿ ಪುಟ್ಟಿಗೆ ನೆನಪಾಗುವ ಮುಂಚೆಯೇ ಹೋದವಳು. ಬೆಳೆಸಿದ್ದು ಅಪ್ಪನ ತಂಗಿ, ಅವಳ ಅತ್ತೆ. ಹೊಲಿಗೆ ಕಲಿಸುವ ಅತ್ತೆ. ಪುಟ್ಟಿ ಇಪ್ಪತ್ತೆಂಟು ವರ್ಷದವಳಾಗುವ ತನಕ ತೊಟ್ಟ ಬಟ್ಟೆಯ ಪ್ರತಿಯೊಂದು ಗುಂಡಿಯ ಕಾಜವೂ ಆ ಕೈಯಿಂದ ಬಂದದ್ದು. ಅರ್ಧ ಕಾಜ ಬಿಟ್ಟು ಎದ್ದರೆ ದಾರ ಬಿಚ್ಚಿಕೊಳ್ಳುತ್ತದೆ ಎಂದು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅತ್ತೆ ಸೂಜಿ ಕೆಳಗಿಟ್ಟವಳಲ್ಲ. ಮನೆಯಲ್ಲಿ ಎಷ್ಟೋ ಪಾತ್ರೆಗಳ ತಳ ಸೀದದ್ದು ಇದೇ ಕಾರಣಕ್ಕೆ.

"ಬಿಸ್ಕತ್ತು ಆಟ ಆಡಿಸ್ತಿದೆ ಅಪ್ಪ," ಎಂದು ಪುಟ್ಟಿ ಚೀಲ ಇಳಿಸಿದಳು. "ದಿನಾ ಹದಿನೆಂಟು ನಿಮಿಷ ಗೋಡೆ ತೋರಿಸುತ್ತೆ. ಗೋಡೆ ಮಾತ್ರ ಇಲ್ಲ."

ಅಪ್ಪನ ಕೈ ನಿಂತಿತು. "ಪೂರ್ವದ ಕಡೆಯಿಂದಾನಾ?"

"ಹೌದು. ನಿಮಗೆ ಯಾರು ಹೇಳಿದ್ರು?"

"ಹದಿನಾಲ್ಕು ಮೀಟರು ಇಪ್ಪತ್ತು," ಎಂದರು ಅಪ್ಪ.

ಆ ಸಂಖ್ಯೆಯನ್ನು ಪುಟ್ಟಿ ಸಾಹೇಬರಿಗೂ ಹೇಳಿರಲಿಲ್ಲ. ಅಪ್ಪ ಎದ್ದು ಕೈ ತೊಳೆದು, ಒರೆಸಿಕೊಂಡು, ಕೋಣೆಗೆ ಹೋಗಿ ಬಟ್ಟೆಗಳ ಅಡಿಯಿಂದ ಒಂದು ಹಳೆಯ ಅಳತೆ ಪುಸ್ತಕ ತಂದು ಮೇಜಿನ ಮೇಲಿಟ್ಟರು. ರಟ್ಟಿನ ಮೂಲೆ ಸವೆದು ಗುಂಡಗಾಗಿತ್ತು. ಎಷ್ಟು ಸಲ ತೆರೆದು ಮುಚ್ಚಿದ್ದರೋ ಏನೋ.

ಹದಿಮೂರು ವರ್ಷದ ಹಿಂದೆ, ಇದೇ ತಿಂಗಳು, ಇದೇ ತಾರಸಿಯ ಮೇಲೆ ಅಪ್ಪನೂ ಇದೇ ಪರೀಕ್ಷೆ ಮಾಡಿದ್ದರು. ದೊಡ್ಡಮ್ಮ ಆಗ ಹೊಸದಾಗಿ ಬಂದಿದ್ದಳು. ಅವಳ ಪಕ್ಕದಲ್ಲಿ ಆ ಕಾಲದ ಒಂದು ಬಿಸ್ಕತ್ತು. ಆಗ ಬೀದಿಯ ಆಚೆ ಬಯಲಿರಲಿಲ್ಲ, ಐದು ಅಂತಸ್ತಿನ ಕಟ್ಟಡವಿತ್ತು. ಅದರ ಮೂರನೇ ಮಹಡಿಯಲ್ಲಿ ಅತ್ತೆಯ ಹೊಲಿಗೆ ತರಗತಿ. ಕಟ್ಟಡ ಬಿದ್ದದ್ದು ಪುಟ್ಟಿಗೆ ಗೊತ್ತು, ಹದಿನೇಳು ಜನ ಹೋದದ್ದು ಗೊತ್ತು, ಅತ್ತೆ ಹೋದದ್ದಂತೂ ಎದೆಯಲ್ಲೇ ಇದೆ. ಬಿದ್ದುಹೋದ ಗೋಡೆ ಮರುದನಿ ಕೊಡುತ್ತದೆಂದು ಮಾತ್ರ ಅವಳು ಎಣಿಸಿರಲಿಲ್ಲ, ಈ ಪುಸ್ತಕವೂ ಗೊತ್ತಿರಲಿಲ್ಲ.

ಅಪ್ಪ ಹಾಳೆ ತಿರುವಿ ಬೆರಳಿಟ್ಟರು. ಕೈಯಿಂದ ಬರೆದ ಗೆರೆಗಳು, ದಿನಕ್ಕೊಂದು, ಎಲ್ಲದರ ಸುತ್ತ ಪೆನ್ಸಿಲಿನ ಚೌಕ. ಪಕ್ಕದಲ್ಲಿ ಅಪ್ಪನದೇ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು. "ಎದುರು ಕಟ್ಟಡದ ಮರುದನಿ. ಉಬ್ಬು ದಿನವೂ ಜಾರುತ್ತಿದೆ, ಆಂಟೆನಾ ನಂಬಲರ್ಹವಲ್ಲ. ಈ ಭಾಗ ಲೆಕ್ಕಕ್ಕೆ ತೆಗೆದುಕೊಂಡಿಲ್ಲ."

"ಉಪಕರಣ ಕೆಟ್ಟಿದೆ ಅಂದ್ಕೊಂಡೆ," ಎಂದರು ಅಪ್ಪ. "ಐದು ಅಂತಸ್ತಿನ ಗೋಡೆ ಜಾರುತ್ತೆ ಅಂತ ಯಾರು ಅಂದ್ಕೋತಾರೆ ಪುಟ್ಟಿ? ಇಷ್ಟಗಲದ ಪ್ಲಾಸ್ಟಿಕ್ ತುಂಡೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ. ಇಪ್ಪತ್ತೇಳನೇ ದಿನ ಹನ್ನೊಂದು ನಲವತ್ತೆಂಟಕ್ಕೆ ಬಿತ್ತು. ಮರುದಿನ ಬಿಸ್ಕತ್ತು ದೊಡ್ಡಮ್ಮನಷ್ಟೇ ಚೊಕ್ಕಟವಾಗಿ ಅಳೀತು. ಆಗ ಗೊತ್ತಾಯ್ತು."

"ಯಾರಿಗೂ ಹೇಳಲಿಲ್ವಾ?"

"ಯಾವ ಬಾಯಲ್ಲಿ ಹೇಳ್ಲಿ? ಇಪ್ಪತ್ತಾರು ದಿನ ನನ್ನ ಕೈಲೇ ಇತ್ತು. ದಿನಾ ಚೌಕ ಹಾಕಿ ಪಕ್ಕಕ್ಕಿಟ್ಟೆ. ತಂಗಿ ದಿನಾ ಕಿಟಕಿಯಿಂದ ಕೈ ಬೀಸ್ತಿದ್ಲು. ನಾನೂ ಬೀಸ್ತಿದ್ದೆ."

ಅಂದು ಹುರುಳಿಕಾಯಿ ಅರ್ಧಕ್ಕೇ ಉಳಿಯಿತು. ಪುಟ್ಟಿಗೆ ಅಪ್ಪನ ಮೇಲೆ ಕೋಪ ಬಂತು, ಆಮೇಲೆ ಅಯ್ಯೋ ಅನ್ನಿಸಿತು. ಹದಿಮೂರು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದರೂ ಈ ಮನುಷ್ಯ ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತದ್ದು ಅವಳಿಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಸೇರಿ ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬಿಸಿಲು ಎರಡನ್ನೂ ದಾಟಿ ಬಂತು. ಮೊದಲ ದಿನದ ಮೇಲೆ ಮೊದಲ ದಿನ, ಇಪ್ಪತ್ತನೆಯದರ ಮೇಲೆ ಇಪ್ಪತ್ತನೆಯದು. ಹದಿಮೂರು ವರ್ಷದ ಹಿಂದಿನ ಉಬ್ಬು ಎಲ್ಲಿತ್ತೋ ಇಂದಿನ ಉಬ್ಬೂ ಅಲ್ಲೇ ಇತ್ತು. ಎರಡು ಗೆರೆ ಒಂದೇ ಗೆರೆಯಾಗಿ ಕಂಡವು.

"ಇವತ್ತೇ ಆ ಬಿಸ್ಕತ್ತು ಇಳಿಸಿಬಿಡ್ತೀನಿ," ಎಂದಳು.

"ಇಳಿಸಿದ್ರೆ ಗೋಡೆ ನಿಲ್ಲುತ್ತಾ? ನಾವು ನೋಡೋದು ನಿಲ್ಲುತ್ತೆ, ಅಷ್ಟೇ."

"ಗೋಡೆ ಇಲ್ಲ ಅಪ್ಪ. ಅಲ್ಲಿ ಇರೋದು ಸೈಕಲ್ ಸ್ಟ್ಯಾಂಡು."

ಅಪ್ಪ ಹಾಳೆಗಳನ್ನು ಮಡಿಸಿದರು. "ಹಾಗಾದ್ರೆ ನಾನು ಆ ಹೊತ್ತಿಗೆ ಅಲ್ಲಿ ಹೋಗಿ ನಿಂತ್ರೆ ತಪ್ಪೇನು?"

ಗೋಡೆ ಇಲ್ಲ ಎಂದು ಸಾಧಿಸಿದರೆ ತಡೆಯಲು ಕಾರಣವಿಲ್ಲ. ತಡೆದರೆ ಗೋಡೆ ಇದೆ ಎಂದು ಒಪ್ಪಿದಂತೆ. ಅವಳಿಗೆ ಗೊತ್ತಿದ್ದದ್ದು ಒಂದೇ. ಇಪ್ಪತ್ತೇಳನೇ ದಿನ ಹನ್ನೊಂದು ನಲವತ್ತೆಂಟಕ್ಕೆ ಅಪ್ಪ ಆ ಬಯಲಿನಲ್ಲಿ ಇರಬಾರದು. ಏನಾಗುತ್ತದೆ ಎಂದು ಕೇಳಿದರೆ ಹೇಳಲು ಅವಳಿಗೆ ಬಾಯಿರಲಿಲ್ಲ, ಆದರೆ ಇಪ್ಪತ್ತು ಗೆರೆ ಮೇಲೆ ಇಪ್ಪತ್ತು ಗೆರೆ ಕೂತದ್ದನ್ನು ಕಣ್ಣಾರೆ ನೋಡಿದ್ದಳು. ಅಪ್ಪನಿಂದ ಮಾತು ತೆಗೆದುಕೊಂಡಳು. ಆ ದಿನ ಅವರು ಕಚೇರಿಯ ಕ್ಯಾಂಟೀನಿನಲ್ಲೇ ಕೂತಿರಬೇಕು. ಅಪ್ಪ "ಆಯ್ತಮ್ಮ" ಅಂದರು. ಅಪ್ಪ ಇಷ್ಟು ಬೇಗ ಒಪ್ಪುವುದು ಒಳ್ಳೆಯ ಲಕ್ಷಣವಲ್ಲ ಎಂದು ಅವಳಿಗೆ ಹೊಳೆಯಬೇಕಿತ್ತು.

ಇಪ್ಪತ್ತೇಳನೇ ದಿನ ಬಿಸಿಲು ಚೆನ್ನಾಗಿತ್ತು. ತಾರಸಿಯ ಮೇಲೆ ಕ್ಯಾಂಟೀನಿನವನು ಒಗೆದ ಎರಡು ಒರೆಸುವ ಬಟ್ಟೆ ಹರವಿದ್ದ. ಹನ್ನೊಂದು ಮೂವತ್ತಾರಕ್ಕೆ ಪುಟ್ಟಿ ಲ್ಯಾಪ್‌ಟಾಪನ್ನು ಪ್ಯಾರಾಪೆಟ್ಟಿನ ನೆರಳಿನಲ್ಲಿಟ್ಟುಕೊಂಡು ಕೂತಳು. ಬಿಸ್ಕತ್ತು ಹೇಳಿದ ಸಮಯಕ್ಕೆ ಉಸಿರೆಳೆಯಿತು. ಗೆರೆ ಏರಿತು, ಇಳಿಯಿತು. ಉಬ್ಬು ಇಷ್ಟು ದಿನ ಕೂದಲೆಳೆಯಷ್ಟು ಸರಿಯುತ್ತಿದ್ದದ್ದು ಇಂದು ಬೆರಳಗಲ ಸರಿದಿತ್ತು. ಅವಳು ತಲೆಯೆತ್ತಿ ಬೀದಿಯ ಕಡೆ ನೋಡಿದಳು. ಅಪ್ಪ ರಸ್ತೆ ದಾಟುತ್ತಿದ್ದರು.

ಸ್ಟ್ಯಾಂಡಿನವನ ಹತ್ತಿರ ಅಪ್ಪ ಏನೋ ಹೇಳಿದರು. ಅವನು ಕುರ್ಚಿ ಬಿಟ್ಟು ಎದ್ದು ಚಹಾ ಅಂಗಡಿಯ ಕಡೆ ಹೋದ. ಅಪ್ಪ ಸೈಕಲ್ಲುಗಳ ಮೊದಲ ಸಾಲಿನ ಮುಂದೆ, ಅವಳು ಟೇಪು ಹಿಡಿದು ಗುರುತು ಮಾಡಿದ್ದ ಜಾಗದ ಎದುರು ನಿಂತರು. ಬಾಯಿಯ ಸುತ್ತ ಕೈ ಮಾಡಿ ತಲೆಯೆತ್ತಿ ಕೂಗಿದರು.

"ಕೆಳಗಿಳೀರಿ ಎಲ್ಲಾ. ಗೋಡೆ ವಾಲಿದೆ. ಸಾಮಾನು ಬಿಟ್ಟು ಇಳೀರಿ."

ಬರಿಯ ಆಕಾಶಕ್ಕೆ ಹೇಳಿದ ಮಾತು. ಒಬ್ಬ ಸೈಕಲ್ಲಿನವನು ನಿಧಾನ ಮಾಡಿ ನೋಡಿ ಮುಂದೆ ಹೋದ. ಅಪ್ಪ ಮತ್ತೆ ಕೂಗಿದರು, ಈ ಸಲ ಒಂದನೇ ಮಹಡಿಯ ಎತ್ತರಕ್ಕೆ, ಆಮೇಲೆ ಎರಡನೆಯದಕ್ಕೆ. "ಅಪ್ಪ, ವಾಪಸ್ ಬನ್ನಿ," ಎಂದು ಪುಟ್ಟಿ ತಾರಸಿಯಿಂದ ಕರೆದಳು. ಅಪ್ಪ ಅವಳ ಕಡೆ ತಿರುಗದೆ, ತಾಳು ಎನ್ನುವಂತೆ ಅಂಗೈ ತೋರಿಸಿದರು. ಬಳಿಕ ಒಂದು ಹೆಜ್ಜೆ ಬಲಕ್ಕೆ ಸರಿದರು.

ಯಾರಿಗೋ ದಾರಿ ಬಿಟ್ಟ ಹಾಗಿತ್ತು. ಕಿರಿದಾದ ಬಾಗಿಲಿನಿಂದ ಜನ ಹೊರಬರುವಾಗ ಪಕ್ಕಕ್ಕೆ ನಿಲ್ಲುತ್ತೇವಲ್ಲ, ಹಾಗೆ. ಅಪ್ಪನ ಎಡಗೈ ಗಾಳಿಯಲ್ಲಿ ಯಾರದೋ ಮೊಣಕೈ ಹಿಡಿದು ಮೆಟ್ಟಿಲು ದಾಟಿಸಿತು. ಬಲಗೈಯ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡುತ್ತಿತ್ತು. ಮೂವತ್ತು ವರ್ಷ ನೆಲ ಅಳೆಯುವ ಸರಪಳಿ ಎಣಿಸಿದ ಕೈ ಅದು. ಪುಟ್ಟಿಯೂ ತನಗರಿವಿಲ್ಲದೆ ಎಣಿಸತೊಡಗಿದಳು. ಐದು, ಆರು. ಒಂಬತ್ತಕ್ಕೆ ಅಪ್ಪ ಬಗ್ಗಿದರು, ಚಿಕ್ಕದೇನನ್ನೋ ಎತ್ತಿ ಆಚೆ ಇಳಿಸಿದರು. ಹನ್ನೆರಡು. ಹದಿನೈದು. ಹದಿನಾರು.

ಆಮೇಲೆ ಯಾರೂ ಬರಲಿಲ್ಲ. ಅಪ್ಪ ತಲೆಯೆತ್ತಿ ಮೂರನೇ ಮಹಡಿಯ ಎತ್ತರಕ್ಕೆ ನೋಡಿದರು. ಯಾರೋ ಅಲ್ಲಿಂದ ಮಾತಾಡಿದಂತೆ ಕಿವಿಗೊಟ್ಟರು. ತಲೆ ಅಲ್ಲಾಡಿಸಿದರು. ಮತ್ತೆ ಕರೆದರು, ಈಗ ದನಿ ಒಡೆದಿತ್ತು.

"ಸಾಕು ಬಾರೇ, ಅದನ್ನ ಆಮೇಲೆ ಮಾಡು."

ಲ್ಯಾಪ್‌ಟಾಪಿನಲ್ಲಿ ಗಂಟೆ ಹನ್ನೊಂದು ನಲವತ್ತೇಳು. ಅಪ್ಪ ಚಪ್ಪಲಿ ಬಿಟ್ಟರು. ಬೀದಿಯ ಮೇಲೆ, ಬಾಗಿಲೇ ಇಲ್ಲದ ಜಾಗದಲ್ಲಿ, ಹೊಸ್ತಿಲಾಚೆ ಬಿಡುವಂತೆ ಜೋಡಿಸಿ ಬಿಟ್ಟರು. ಗುರುತಿನ ಗೆರೆ ದಾಟಿ ಒಳಗೆ ಹೋದರು.

ಪುಟ್ಟಿ ಜೀವ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಎರಡು ಅಂತಸ್ತು, ಮೂವತ್ತೆಂಟು ಮೆಟ್ಟಿಲು, ಹೆಬ್ಬಾಗಿಲು, ಬೀದಿ. ಅವಳಿಗೆ ಯಾವ ಸದ್ದೂ ಕೇಳಿಸಲಿಲ್ಲ. ಸೈಕಲ್ಲುಗಳು ಸಾಲಾಗಿ ನಿಂತಿದ್ದವು, ಒಂದೂ ಅಲುಗಿರಲಿಲ್ಲ. ಅಪ್ಪ ಅವುಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿಕೊಟ್ಟ ಕಂದು ಅಂಗಿಯ ಹೆಗಲು ಸುಣ್ಣದ ಪುಡಿಯಿಂದ ಬಿಳಿಚಿತ್ತು. ಕೂದಲೂ ಹುಬ್ಬೂ ಬಿಳಿ. ಉಸಿರಾಡುತ್ತಿದ್ದರು.

"ಏನಾಯ್ತಪ್ಪ? ಎಲ್ಲಿ ಏಟಾಯ್ತು?"

ಅಪ್ಪ ಅವಳ ತುಟಿಯನ್ನೇ ನೋಡಿದರು. "ಜೋರಾಗಿ ಹೇಳು," ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದರು. "ಕಿವಿ ಗುಂಯ್ ಅಂತಿದೆ. ಎಷ್ಟು ಸದ್ದು ಮಾರಾಯ್ತಿ."

ಚಹಾ ಲೋಟ ಹಿಡಿದು ಬಂದ ಸ್ಟ್ಯಾಂಡಿನವನು ಪುಟ್ಟಿಯ ಮುಖ ನೋಡಿದ. "ಯಾವ ಸದ್ದು ಅಕ್ಕ? ನಾನು ಅಲ್ಲೇ ಇದ್ನಲ್ಲ. ಯಜಮಾನ್ರು ಒಬ್ಬರೇ ಮಾತಾಡ್ಕೊಂಡು ಓಡಾಡ್ತಿದ್ರು, ಆಮೇಲೆ ಕೂತ್ಬಿಟ್ರು. ಮೈ ಮೇಲೆ ಅದೇನು, ಹಿಟ್ಟಾ?"

ಕಿವಿಯ ವೈದ್ಯರು ದೀಪ ಹಾಕಿ ನೋಡಿ, ಹತ್ತಿರದಲ್ಲಿ ಏನಾದರೂ ಸಿಡಿಯಿತೇ ಎಂದು ಕೇಳಿದರು. ಪುಟ್ಟಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ಔಷಧಿ ಚೀಟಿ ತಂದಳು. ಅಂಗಿಯನ್ನು ಬಚ್ಚಲಲ್ಲಿ ಕೊಡವಿದಾಗ ಬಿದ್ದದ್ದು ಹಿಟ್ಟಲ್ಲ, ಗಾರೆ. ಒಂದು ಚೂರಿನ ಮೇಲೆ ತಿಳಿನೀಲಿ ಬಣ್ಣವಿತ್ತು. ಅತ್ತೆಯ ತರಗತಿಯ ಗೋಡೆ ತಿಳಿನೀಲಿ. ಅವಳು ಆ ಚೂರನ್ನು ತೊಳೆದು ಹೋಗಲು ಬಿಡದೆ ಕಾಗದದಲ್ಲಿ ಕಟ್ಟಿ ಅಳತೆ ಪುಸ್ತಕದೊಳಗಿಟ್ಟಳು.

ಅಪ್ಪ ರಾತ್ರಿಯೂಟಕ್ಕೆ ಕೂತಾಗಲೂ ಕಿರುಚಿಯೇ ಮಾತಾಡಿದರು. ಪಕ್ಕದ ಮನೆಯವರು ಜಗಳವೆಂದುಕೊಂಡು ಕಿಟಕಿ ತೆರೆದರು. "ಹದಿನಾರು ಜನ ಇಳಿದ್ರು ಪುಟ್ಟಿ. ಒಂದು ಮಗೂನೂ ಇತ್ತು. ಎಲ್ಲಿಗೆ ಹೋದ್ರೋ ನೋಡಲಿಲ್ಲ, ಬೀದಿ ಕಡೆ ಹೋದ್ರು."

ಪುಟ್ಟಿ ಕಾಗದದ ಮೇಲೆ ಬರೆದು ತೋರಿಸಿದಳು. "ಅತ್ತೆ?"

ಅಪ್ಪ ಅದನ್ನು ಓದಿದರು. ಕಿರುಚುವುದನ್ನು ಮರೆತು, ಮೊದಲಿನ ಮೆಲ್ಲನೆಯ ದನಿಯಲ್ಲಿ ಹೇಳಿದರು. "ಒಳಗೆ ಹೋದೆ, ಮೆಟ್ಟಿಲವರೆಗೂ ಹೋದೆ. ಮೇಲಿಂದ ಹೇಳಿದ್ಲು. ಬಂದೆ ಅಣ್ಣ, ಇದೊಂದು ಕಾಜ ಮುಗಿಸಿ ಬಂದೆ, ಅಂದ್ಲು."

ಹೇಳಿ ಅಳತೊಡಗಿದರು. ಅಪ್ಪ ಅತ್ತದ್ದನ್ನು ಪುಟ್ಟಿ ಎಂದೂ ನೋಡಿರಲಿಲ್ಲ, ಹದಿಮೂರು ವರ್ಷದ ಹಿಂದೆಯೂ. ಅವಳು ಅವರ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ಕೂತಳು. ಕೂದಲಿನಲ್ಲಿ ಇನ್ನೂ ಗಾರೆಯ ವಾಸನೆಯಿತ್ತು.

ಮರುದಿನ ಬಿಸ್ಕತ್ತಿನ ಗೆರೆ ದೊಡ್ಡಮ್ಮನ ಗೆರೆಯಷ್ಟೇ ನೆಟ್ಟಗಿತ್ತು. ಅದರ ಮರುದಿನವೂ ಅಷ್ಟೇ. ಸಾಹೇಬರು ಹಿಗ್ಗಿದರು. "ನೋಡಿ, ನಾನು ಹೇಳಲಿಲ್ವಾ? ತಾನಾಗೇ ಸರಿ ಹೋಯ್ತು. ಆ ಇಪ್ಪತ್ತೇಳು ದಿನದ್ದಕ್ಕೆ ಚೌಕ ಹಾಕಿ, ವರದಿ ಮುಗಿಸಿ."

ಮೂವತ್ತನೇ ದಿನ ಪುಟ್ಟಿ ವರದಿ ಬರೆಯಲೆಂದೇ ಕೂತಿದ್ದಳು. ಹನ್ನೊಂದು ಇಪ್ಪತ್ನಾಲ್ಕಕ್ಕೆ ಗೆರೆ ಅಲುಗಿತು. ಮೊದಲಿನಂತಲ್ಲ. ಗೋಡೆಯ ದೊಡ್ಡ ಉಸಿರಲ್ಲ, ಸಣ್ಣದೊಂದು ನಡುಕ, ಒಂದೂವರೆ ನಿಮಿಷ, ಮುಗಿಯಿತು. ಗದ್ದಲ ಎಂದು ಯಾರಾದರೂ ಬಿಟ್ಟುಬಿಡುವಂಥದ್ದು. ಅವಳು ಬಿಡಲಿಲ್ಲ. ದೂರ ಲೆಕ್ಕ ಹಾಕಿದಳು, ಹದಿನಾಲ್ಕು ಮೀಟರು ಇಪ್ಪತ್ತು. ಉಪಗ್ರಹ ಇದ್ದ ಕೋನದಿಂದ ಎತ್ತರ ತೆಗೆದಳು. ನೆಲದಿಂದ ಹತ್ತು ಮೀಟರು, ಮೂರನೇ ಮಹಡಿ. ಅಗಲ ಒಂದು ಕಿಟಕಿಯಷ್ಟೂ ಇಲ್ಲ, ಬಗ್ಗಿ ಕೂತ ಒಬ್ಬ ಮನುಷ್ಯನಷ್ಟು. ಪ್ಯಾರಾಪೆಟ್ಟಿನ ಬಳಿ ಹೋಗಿ ಅಷ್ಟೆತ್ತರಕ್ಕೆ ನೋಡಿದಳು. ಖಾಲಿ ಬಯಲಿನ ಮೇಲೆ ಖಾಲಿ ಗಾಳಿ, ಅದರಾಚೆ ಬಿಸಿಲು. ಇಷ್ಟು ದಿನ ಅವಳನ್ನು ಹಿಡಿದಿದ್ದ ಭಯ ಆಗ ಇರಲಿಲ್ಲ. ಅದರ ಬದಲು ಬಂದದ್ದು ಅದಕ್ಕಿಂತ ಕಷ್ಟದ್ದು. ಪುಟ್ಟಿ ಕೈ ಎತ್ತಿ, ಒಮ್ಮೆ ಸುತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೀಸಿದಳು.

ಕೆಳಗೆ ಬಂದು ಸಾಹೇಬರ ಮೇಜಿನ ಮುಂದೆ ನಿಂತಳು. "ಸರ್, ಪರೀಕ್ಷೆಗೆ ಇನ್ನೊಂದು ತಿಂಗಳು ಬೇಕು."

"ಯಾಕೆ? ಬಿಸ್ಕತ್ತು ಸರಿ ಹೋಯ್ತಲ್ಲ."

"ದೊಡ್ಡಮ್ಮನಿಗೆ ಕೇಳಿಸದೇ ಇರೋದು ಅದಕ್ಕೆ ಕೇಳಿಸುತ್ತೆ. ಅದನ್ನ ಬರೀದೆ ವರದಿ ಆಗಲ್ಲ," ಎಂದಳು. ಸಾಹೇಬರಿಗೆ ಅರ್ಥವಾಗಲಿಲ್ಲ. ಆದರೆ ಪುಟ್ಟಿ ಆ ದನಿಯಲ್ಲಿ ಮಾತಾಡಿದಾಗ ಸಹಿ ಹಾಕುವುದು ಸುಲಭವೆಂದು ಅವರಿಗೆ ವರ್ಷಗಳಿಂದ ಗೊತ್ತಿತ್ತು.

ಸಂಜೆ ಅಪ್ಪ ಅಡುಗೆಮನೆಯಲ್ಲಿದ್ದರು. ಕಿವಿ ಬೆಳಿಗ್ಗೆಯಷ್ಟೇ ತೆರೆದುಕೊಂಡಿತ್ತು. ಅವಳು ಹೊಸ ಗೆರೆಯನ್ನು ಮುಂದಿಟ್ಟಳು, ಪಕ್ಕದಲ್ಲಿ ದೂರ, ಎತ್ತರ, ಅಗಲ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಪೆನ್ಸಿಲು ಪಕ್ಕದಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

"ಇನ್ನೂ ಮುಗಿದಿಲ್ಲ ಅವಳ ಕಾಜ," ಎಂದರು. ದನಿಯಲ್ಲಿ ತಂಗಿಯ ಮೇಲಿನ ಹಳೆಯ ಸಿಡಿಮಿಡಿಯೇ ಇತ್ತು, ಹಾಲು ಉಕ್ಕಿದಾಗಿನದು. "ನಾಳೆ ಎಷ್ಟು ಹೊತ್ತಿಗೆ?"

"ಹನ್ನೊಂದು ಇಪ್ಪತ್ತಕ್ಕೆ."

"ನಾಡಿದ್ದು ಹನ್ನೊಂದು ಹದಿನಾರು," ಎಂದು ಅಪ್ಪ ತಲೆಯಾಡಿಸಿದರು. ಅಲಾರಾಂ ಗಡಿಯಾರವನ್ನು ಹತ್ತಿರ ಎಳೆದುಕೊಂಡು, ಹಗಲು ಹನ್ನೊಂದಕ್ಕೆ ಕೀಲಿ ಕೊಟ್ಟರು.